ದನದ ಬಾನಿಗೆ ಬಿದ್ದ ಮೂರು ಪುಡಿಗಳು

(ಈ ವಾರದ ಇತಿಹಾಸ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ನಿಂತಿದ್ದೀರೋ, ಪಿಜಿ ರೂಮಲ್ಲಿ ಮಲಗಿದ್ದೀರೋ ಗೊತ್ತಿಲ್ಲ. ಇವತ್ತು ಸ್ವಲ್ಪ ಹೊತ್ತು ನನ್ನ ಜೊತೆ ಕೊಟ್ಟಿಗೆಗೆ ಬನ್ನಿ. ರಾಜರ ಕಥೆ, ಯುದ್ಧದ ಕಥೆ ಅಲ್ಲ ಇದು. ದನದ ಮೇವಿಗೆ ಬೆರೆಸಿದ ಪುಡಿಗಳ ಕಥೆ.

ಹೋದ ವರ್ಷ ನಮ್ಮಜ್ಜಿಗೆ ಮೂತ್ರದ ಸೋಂಕಾಗಿ ಆಸ್ಪತ್ರೆಗೆ ಸೇರಿಸಿದ್ವಿ. ಮೂರನೇ ದಿನ ಕಲ್ಚರ್ ರಿಪೋರ್ಟ್ ಕೈಗೆ ಬಂತು. ಎಡಗಡೆ ಆಂಟಿಬಯಾಟಿಕ್‌ಗಳ ಹೆಸರು, ಬಲಗಡೆ ಒಂದೊಂದೇ ಅಕ್ಷರ. ‘ಎಸ್’ ಅಂತ ಇದ್ದರೆ ಆ ಔಷಧ ಕೆಲಸ ಮಾಡುತ್ತೆ. ‘ಆರ್’ ಅಂತ ಇದ್ದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗಲ್ಲ. ಟೆಟ್ರಾಸೈಕ್ಲಿನ್ ಮುಂದೆ ಆರ್ ಇತ್ತು. "ಅಜ್ಜಿ ಈ ಔಷಧ ತಗೊಂಡಿದ್ದೇ ನೆನಪಿಲ್ಲವಲ್ಲ ಡಾಕ್ಟ್ರೇ" ಅಂದೆ. "ಅವರೇ ತಗೊಂಡಿರಬೇಕು ಅಂತೇನಿಲ್ಲ. ಬ್ಯಾಕ್ಟೀರಿಯಾ ಬೇರೆ ಎಲ್ಲೋ ಕಲಿತು ಬಂದಿರುತ್ತೆ" ಅಂದರು.

ಬೇರೆ ಔಷಧಿಗೆ ಅಜ್ಜಿ ಹುಷಾರಾದ್ರು. ಆದರೆ ಆ ‘ಬೇರೆ ಎಲ್ಲೋ’ ಅನ್ನೋ ಮಾತು ತಲೆಯಲ್ಲೇ ಉಳೀತು. ಹುಡುಕ್ತಾ ಹೋದಾಗ ಸಿಕ್ಕ ಜಾಗಗಳಲ್ಲಿ ಒಂದು ಅಮೆರಿಕದ ಮಾಂಸದ ದನಗಳ ಮೇವಿನ ಬಾನಿ. ಅಜ್ಜಿಯ ಸೋಂಕಿಗೂ ಅಮೆರಿಕದ ದನಗಳಿಗೂ ನೇರ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ಅದನ್ನು ಹೇಳೋಕೆ ನನ್ನ ಹತ್ತಿರ ಆಧಾರವೂ ಇಲ್ಲ. ಆದರೆ ಮೇವಿಗೆ ಹಾಕಿದ್ದು ಮೇವಲ್ಲೇ ಉಳಿಯೋದಿಲ್ಲ ಅನ್ನೋದನ್ನು ಅಲ್ಲಿನ ಎಪ್ಪತ್ತು ವರ್ಷದ ಅನುಭವ ತೋರಿಸುತ್ತೆ.

ಹುಲ್ಲಿನಿಂದ ಮೆಕ್ಕೆಜೋಳಕ್ಕೆ

ಮೊದಲು ದನದ ಹೊಟ್ಟೆಯ ವಿಷಯ. ದನ ಹುಲ್ಲು ತಿನ್ನುತ್ತೆ ಅಂತ ನಾವು ಅಂದ್ಕೊಂಡಿದ್ದೀವಿ. ನಿಜ ಏನಂದ್ರೆ, ಹುಲ್ಲನ್ನು ಮೊದಲು ತಿನ್ನೋದು ದನದ ಹೊಟ್ಟೆಯಲ್ಲಿರೋ ಸೂಕ್ಷ್ಮಜೀವಿಗಳು. ನಾಲ್ಕು ಕೋಣೆಗಳ ಆ ಹೊಟ್ಟೆಯಲ್ಲಿ ದೊಡ್ಡ ಕೋಣೆಗೆ ರೂಮೆನ್ ಅಂತಾರೆ. ದೊಡ್ಡ ದನದಲ್ಲಿ ನೂರು ಲೀಟರಿಗೂ ಹೆಚ್ಚು ಹಿಡಿಯುವ ಡ್ರಮ್ಮು ಅದು. ನಮ್ಮ ದೋಸೆ ಹಿಟ್ಟು ಹುದುಗು ಬರೋ ಹಾಗೆ ಅಲ್ಲಿ ಮೇವು ಹುದುಗುತ್ತೆ. ಆಗ ಹುಟ್ಟುವ ಆಮ್ಲಗಳೇ ದನಕ್ಕೆ ಶಕ್ತಿ. ಜೊತೆಗೆ ಮೀಥೇನ್ ಅನಿಲವೂ ಹುಟ್ಟಿ ತೇಗಿನಲ್ಲಿ ಹೊರಗೆ ಹೋಗುತ್ತೆ. ಆ ಮೀಥೇನ್ ಅಂದ್ರೆ ತಿಂದ ಮೇವಿನ ಶಕ್ತಿಯಲ್ಲೇ ಒಂದು ಪಾಲು ಸೋರಿ ಹೋದ ಹಾಗೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಹೈಬ್ರಿಡ್ ಮೆಕ್ಕೆಜೋಳ, ಅಗ್ಗದ ರಾಸಾಯನಿಕ ಗೊಬ್ಬರ ಎರಡೂ ಸೇರಿ ಜೋಳದ ಬೆಳೆ ಏರಿತು. ಅಯೋವಾ, ನೆಬ್ರಾಸ್ಕಾ, ಕಾನ್ಸಾಸ್, ಟೆಕ್ಸಾಸ್ ಕಡೆ ಫೀಡ್‌ಲಾಟ್‌ಗಳು ಬೆಳೆದವು. ಬಯಲಲ್ಲಿ ಮೇಯ್ದ ಕರುಗಳನ್ನು ತಂದು ಬೇಲಿ ಒಳಗೆ ಕೂಡಿ, ಕೆಲವು ತಿಂಗಳು ಕಾಳು ತಿನ್ನಿಸಿ ತೂಕ ಏರಿಸಿ, ಆಮೇಲೆ ಕಸಾಯಿಖಾನೆಗೆ ಕಳಿಸೋ ಪದ್ಧತಿ ಅದು.

ಆದರೆ ರೂಮೆನ್ ಹುಲ್ಲಿಗೆ ಹೊಂದಿಕೊಂಡ ಹೊಟ್ಟೆ. ಕಾಳು ಜಾಸ್ತಿ ಬಿದ್ದರೆ ಬೇಗ ಹುದುಗಿ ಆಮ್ಲ ಏರುತ್ತೆ. ರೂಮೆನ್ನಿನ ಗೋಡೆಗೆ ಗಾಯವಾಗಿ, ಅಲ್ಲಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಲಿವರಿನಲ್ಲಿ ಕೀವು ಕಟ್ಟುತ್ತೆ. ಇನ್ನೊಂದು ಕಡೆ, ಫೀಡ್‌ಲಾಟ್ ನಡೆಸೋದರಲ್ಲಿ ಮೇವಿನದೇ ದೊಡ್ಡ ಖರ್ಚು. ಸಾವಿರಾರು ದನ ಇರೋ ಕಡೆ ಮೇವಿನಲ್ಲಿ ನೂರಕ್ಕೆ ಐದು ಪಾಲು ಉಳಿದರೂ ವರ್ಷದ ಲಾಭವೇ ಬದಲಾಗುತ್ತೆ. ಹೀಗಾಗಿ ಆರೋಗ್ಯ ಮತ್ತು ಉಳಿತಾಯ ಎರಡನ್ನೂ ಕೊಡ್ತೀನಿ ಅನ್ನೋ ಪುಡಿಗೆ ಅಲ್ಲಿ ಜಾಗ ಸಿದ್ಧವಾಗಿತ್ತು.

ಮೊದಲ ಪುಡಿ: ಬಂಗಾರದ ಬಣ್ಣದ್ದು

ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಅನ್ನೋ ಊರಲ್ಲಿ ಲೆಡರ್ಲೆ ಔಷಧ ಪ್ರಯೋಗಾಲಯ ಇತ್ತು. 1940ರ ದಶಕದಲ್ಲಿ ಅಲ್ಲಿನ ಸಂಶೋಧನೆಯ ಮುಖ್ಯಸ್ಥರು ನಮ್ಮ ಪಕ್ಕದ ಭೀಮಾವರಂನವರು, ಯಲ್ಲಾಪ್ರಗಡ ಸುಬ್ಬರಾವ್. ಅವರ ನೇತೃತ್ವದಲ್ಲಿ ಬೆಂಜಮಿನ್ ಡಗ್ಗರ್ ಎಂಬ ಹಿರಿಯ ಸಸ್ಯವಿಜ್ಞಾನಿ, ಮಿಸೌರಿ ವಿಶ್ವವಿದ್ಯಾಲಯದ ಹೊಲದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯೊಂದರಿಂದ ಬಂಗಾರದ ಬಣ್ಣದ ಆಂಟಿಬಯಾಟಿಕ್ ಪಡೆದರು. ಹೆಸರು ಆರಿಯೋಮೈಸಿನ್. ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಔಷಧ ಇದೇ. 1948ರಲ್ಲಿ ಜಗತ್ತಿಗೆ ಗೊತ್ತಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಮುಂದಿನ ಬೆಳವಣಿಗೆ ನೋಡೋಕೆ ಅವರಿರಲಿಲ್ಲ.

ಅದೇ ಪ್ರಯೋಗಾಲಯದಲ್ಲಿ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಕೋಳಿಮರಿಗಳ ಆಹಾರದ ಮೇಲೆ ಕೆಲಸ ಮಾಡ್ತಿದ್ದರು. ಅವರಿಗೆ ಬೇಕಿದ್ದದ್ದು ಬಿ12 ವಿಟಮಿನ್ನಿನ ಅಗ್ಗದ ಮೂಲ. ಆರಿಯೋಮೈಸಿನ್ ತೆಗೆದ ಮೇಲೆ ಉಳಿಯುತ್ತಿದ್ದ ಗಸಿಯಲ್ಲಿ ಬಿ12 ಇರುತ್ತೆ ಅಂತ ಅದನ್ನೇ ಮರಿಗಳಿಗೆ ತಿನ್ನಿಸಿದರು. ಬಿ12ರಿಂದ ಎಷ್ಟು ಬೆಳೀಬೇಕೋ ಅದಕ್ಕಿಂತ ಹೆಚ್ಚು ಬೆಳೆದವು. ಕಾರಣ ಹುಡುಕಿದರೆ, ಆ ಗಸಿಯಲ್ಲಿ ಸ್ವಲ್ಪ ಆಂಟಿಬಯಾಟಿಕ್ ಉಳಿದುಕೊಂಡಿತ್ತು.

1950ರ ಏಪ್ರಿಲ್‌ನಲ್ಲಿ ಇದು ಪ್ರಕಟವಾದಾಗ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲೇ ಸುದ್ದಿ. 1951ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದ್ರೆ ಎಫ್‌ಡಿಎ, ಪಶುವೈದ್ಯರ ಚೀಟಿ ಇಲ್ಲದೆಯೇ ಮೇವಿನಲ್ಲಿ ಆಂಟಿಬಯಾಟಿಕ್ ಬಳಸಲು ಒಪ್ಪಿಗೆ ಕೊಟ್ಟಿತು. ಕೋಳಿ, ಹಂದಿ, ಆಮೇಲೆ ದನ. ಕಾಯಿಲೆ ಬಂದಾಗ ಕೊಡೋ ಔಷಧ ಹೋಗಿ, ಕಾಯಿಲೆ ಇಲ್ಲದ ಪ್ರಾಣಿಗೂ ದಿನಾ ಚೂರು ಚೂರು ಕೊಡೋ ಮೇವಾಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. ಸಾಯಿಸೋಕೆ ಸಾಲದಷ್ಟು ಔಷಧ ಕೊಟ್ಟರೆ ಸೂಕ್ಷ್ಮಜೀವಿ ಅದನ್ನು ತಡ್ಕೊಳ್ಳೋದು ಕಲಿಯುತ್ತೆ ಅನ್ನೋದು ಅವರ ಮಾತಿನ ಸಾರ. ಮೇವಿನ ಪುಡಿ ಮಾಡಿದ್ದು ಅದನ್ನೇ. ಕಡಿಮೆ ಪ್ರಮಾಣ, ತುಂಬಾ ದಿನ, ತುಂಬಾ ಪ್ರಾಣಿಗಳಿಗೆ. ಈ ಪುಡಿಯ ಸಾಲದ ಕಥೆಗೆ ಆಮೇಲೆ ಬರ್ತೀನಿ.

ಎರಡನೇ ಪುಡಿ: ದಿನಕ್ಕೆ 10 ಮಿಲಿಗ್ರಾಂ

ಈಗ ಅಯೋವಾ ರಾಜ್ಯದ ಏಮ್ಸ್ ಊರಿಗೆ ಹೋಗೋಣ. ಅಲ್ಲಿನ ಅಯೋವಾ ಸ್ಟೇಟ್ ಕಾಲೇಜಿನ ವೈಸ್ ಬರೋಸ್ ಅನ್ನೋ ಪಶು ಆಹಾರ ತಜ್ಞ 1954ರಲ್ಲಿ ಒಂದು ಫಲಿತಾಂಶ ಪ್ರಕಟಿಸಿದರು. ಮೇವಿನಲ್ಲಿ ದಿನಕ್ಕೆ ಬರೀ 10 ಮಿಲಿಗ್ರಾಂ ಡಿಇಎಸ್ ಬೆರೆಸಿದರೆ ಹೋರಿ ಬೇಗ ಮೈ ತುಂಬುತ್ತೆ, ಒಂದೊಂದು ಕಿಲೋ ತೂಕಕ್ಕೂ ಮೇವು ಕಡಿಮೆ ಸಾಕು.

ಡಿಇಎಸ್ ಅಂದ್ರೆ ಡೈಇಥೈಲ್‌ಸ್ಟಿಲ್‌ಬೆಸ್ಟ್ರಾಲ್. ಹೆಣ್ಣಿನ ಹಾರ್ಮೋನಿನ ಥರ ಕೆಲಸ ಮಾಡೋ ಕೃತಕ ರಾಸಾಯನಿಕ. ಲಂಡನ್ನಿನ ಚಾರ್ಲ್ಸ್ ಡಾಡ್ಸ್ ತಂಡ 1938ರಲ್ಲಿ ತಯಾರಿಸಿತ್ತು. ಬರೋಸ್ ಫಲಿತಾಂಶ ಬಂದ ವರ್ಷವೇ ಎಫ್‌ಡಿಎ ಒಪ್ಪಿತು. ಇಲೈ ಲಿಲ್ಲಿ ಕಂಪನಿ ಸ್ಟಿಲ್ಬೊಸಾಲ್ ಹೆಸರಿನಲ್ಲಿ ಮಾರಿತು. ಕೆಲವೇ ವರ್ಷಗಳಲ್ಲಿ ಅಮೆರಿಕದ ಫೀಡ್‌ಲಾಟ್ ದನಗಳಲ್ಲಿ ಬಹುಪಾಲಿಗೆ ಇದು ದಿನದ ಊಟದ ಭಾಗವಾಯಿತು.

ಎಚ್ಚರಿಕೆ ಆಗಲೇ ಬಂದಿತ್ತು, ಅದೂ ಕೋಳಿ ಕಡೆಯಿಂದ. 1940ರ ದಶಕದಲ್ಲೇ ಹುಂಜಗಳ ಕುತ್ತಿಗೆಯ ಚರ್ಮದಡಿ ಡಿಇಎಸ್ ಗುಳಿಗೆ ಇಡುತ್ತಿದ್ದರು. ಕೊಯ್ದ ಮೇಲೆ ಎಸೆದ ತಲೆಗಳನ್ನು ಮಿಂಕ್ ಸಾಕೋರು ಕೊಂಡುಹೋಗುತ್ತಿದ್ದರು. ಮಿಂಕ್ ಅಂದ್ರೆ ತುಪ್ಪಳಕ್ಕಾಗಿ ಸಾಕೋ, ನೋಡೋಕೆ ಮುಂಗುಸಿ ಥರದ ಪ್ರಾಣಿ. ಆ ತಲೆ ತಿಂದ ಮಿಂಕ್‌ಗಳು ಮರಿ ಹಾಕೋದನ್ನೇ ನಿಲ್ಲಿಸಿಬಿಟ್ಟವು. 1959ರಲ್ಲಿ ಕೋಳಿಗೆ ಡಿಇಎಸ್ ನಿಂತಿತು. ದನಕ್ಕೆ ನಿಲ್ಲಲಿಲ್ಲ.

1958ರಲ್ಲಿ ಅಮೆರಿಕದಲ್ಲಿ ಡಿಲೇನಿ ಷರತ್ತು ಅಂತ ಒಂದು ಕಾನೂನು ಬಂತು. ಪ್ರಾಣಿಗೋ ಮನುಷ್ಯನಿಗೋ ಕ್ಯಾನ್ಸರ್ ತರುವ ವಸ್ತುವನ್ನು ಆಹಾರದಲ್ಲಿ ಬೆರೆಸುವಂತಿಲ್ಲ ಅಂತ. ಡಿಇಎಸ್ ಪ್ರಯೋಗಾಲಯದ ಪ್ರಾಣಿಗಳಲ್ಲಿ ಕ್ಯಾನ್ಸರ್ ತಂದದ್ದು ಗೊತ್ತಿತ್ತು. ಆದರೂ 1962ರಲ್ಲಿ ಒಂದು ವಿನಾಯಿತಿ ಸೇರಿಸಿದರು: ಮಾಂಸದಲ್ಲಿ ಅದರ ಅಂಶ ಪತ್ತೆಯಾಗದಿದ್ದರೆ ಪರವಾಗಿಲ್ಲ. ಅಂದ್ರೆ ಇಡೀ ಕಾನೂನು ಪರೀಕ್ಷೆಯ ಯಂತ್ರ ಎಷ್ಟು ಸೂಕ್ಷ್ಮ ಅನ್ನೋದರ ಮೇಲೆ ನಿಂತಿತು. ಯಂತ್ರ ಮಂಜಾಗಿದ್ದಷ್ಟು ದಿನ ಪುಡಿ ಸುರಕ್ಷಿತ. ಹೊಸ ಪರೀಕ್ಷೆಗಳು ಬಂದಾಗ ದನದ ಲಿವರಿನಲ್ಲಿ ಅಂಶ ಕಾಣಿಸತೊಡಗಿತು.

ಇದೇ ಡಿಇಎಸ್ಸನ್ನು ಗರ್ಭಪಾತ ತಡೆಯುತ್ತೆ ಅಂತ ನಂಬಿ ಲಕ್ಷಾಂತರ ಗರ್ಭಿಣಿಯರಿಗೂ ಕೊಡ್ತಿದ್ದರು. ಅದರಿಂದ ಪ್ರಯೋಜನ ಇಲ್ಲ ಅಂತ ಶಿಕಾಗೋದ ಅಧ್ಯಯನ 1953ರಲ್ಲೇ ತೋರಿಸಿತ್ತು. ಆದರೂ ಕೊಡೋದು ನಿಲ್ಲಲಿಲ್ಲ. 1971ರಲ್ಲಿ ಬಾಸ್ಟನ್ನಿನ ವೈದ್ಯ ಆರ್ಥರ್ ಹರ್ಬ್ಸ್ಟ್ ಮತ್ತು ಸಂಗಡಿಗರು, ಹದಿಹರೆಯದ ಹೆಣ್ಣುಮಕ್ಕಳಲ್ಲಿ ಕಂಡ ಅಪರೂಪದ ಯೋನಿ ಕ್ಯಾನ್ಸರಿಗೂ ಅವರ ತಾಯಂದಿರು ಬಸುರಿಯಾಗಿದ್ದಾಗ ನುಂಗಿದ ಡಿಇಎಸ್‌ಗೂ ನಂಟಿದೆ ಅಂತ ತೋರಿಸಿದರು.

ಇಲ್ಲಿ ನಾನು ಸ್ಪಷ್ಟವಾಗಿ ಹೇಳಬೇಕು. ಆ ಹುಡುಗಿಯರಿಗೆ ಕ್ಯಾನ್ಸರ್ ಬಂದದ್ದು ದನದ ಮಾಂಸದಿಂದ ಅಲ್ಲ. ತಾಯಂದಿರು ತಗೊಂಡ ಮಾತ್ರೆಯ ಪ್ರಮಾಣ ಮಾಂಸದ ಅಂಶಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ಆ ಸುದ್ದಿ ಬಂದ ಮೇಲೆ ಮಾಂಸದಲ್ಲಿ ಚೂರೂ ಇರಬಾರದು ಅನ್ನೋ ಒತ್ತಾಯ ಜೋರಾಯಿತು. 1972ರಲ್ಲಿ ಮೇವಿನಲ್ಲಿ ನಿಷೇಧ ಘೋಷಿಸಿದರು. ಸರಿಯಾಗಿ ವಿಚಾರಣೆ ನಡೆಸಿಲ್ಲ ಅಂತ 1974ರಲ್ಲಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಕೊನೆಗೆ 1979ರಲ್ಲಿ ಪೂರ್ತಿ ನಿಷೇಧ. ಅದಾದ ಮೇಲೂ, 1980ರಲ್ಲಿ, ನಾಲ್ಕು ಲಕ್ಷಕ್ಕೂ ಹೆಚ್ಚು ದನಗಳಿಗೆ ಕದ್ದು ಡಿಇಎಸ್ ಗುಳಿಗೆ ಹಾಕಿದ್ದು ಬಯಲಾಯಿತು. ಲಾಭದ ರುಚಿ ಹತ್ತಿದ ಮೇಲೆ ಬಿಡೋದು ಅಷ್ಟು ಸುಲಭ ಅಲ್ಲ ನೋಡಿ.

ಮೂರನೇ ಪುಡಿ: ರೂಮೆನ್ ಅರ್ಥ ಮಾಡಿಕೊಂಡದ್ದು

ಮೂರನೆಯದು ಮೊನೆನ್ಸಿನ್. ಇದೂ ಮಣ್ಣಿನ ಸೂಕ್ಷ್ಮಜೀವಿಯಿಂದಲೇ ಬಂದದ್ದು. 1967ರಲ್ಲಿ ಲಿಲ್ಲಿ ಕಂಪನಿಯ ವಿಜ್ಞಾನಿಗಳು ಇದರ ರಚನೆ ಪ್ರಕಟಿಸಿದರು. ಮೊದಲು ಕೋಳಿಗಳ ಕಾಕ್ಸಿಡಿಯೋಸಿಸ್ ಕಾಯಿಲೆ ತಡೆಯೋಕೆ ಬಳಸಿದರು. 1975ರ ಕೊನೆಗೆ ಫೀಡ್‌ಲಾಟ್ ದನಗಳಿಗೆ ಒಪ್ಪಿಗೆ ಸಿಕ್ಕಿತು. ಮಾರಾಟದ ಹೆಸರು ರೂಮೆನ್ಸಿನ್.

ಇದು ಕೆಲಸ ಮಾಡೋ ರೀತಿಯೇ ಬೇರೆ. ರೂಮೆನ್ನಿನಲ್ಲಿರೋ ಕೆಲವು ಬಗೆಯ ಬ್ಯಾಕ್ಟೀರಿಯಾಗಳ ಪೊರೆಯಲ್ಲಿ ಸೋಡಿಯಂ, ಪೊಟ್ಯಾಶಿಯಂಗಳ ಲೆಕ್ಕ ತಪ್ಪಿಸಿ ಅವುಗಳನ್ನು ಸೋಲಿಸುತ್ತೆ. ಆಗ ಬೇರೆ ಬಗೆಯವು ಮೇಲುಗೈ ಪಡೆದು ಪ್ರೊಪಿಯಾನಿಕ್ ಆಮ್ಲ ಹೆಚ್ಚು ಮಾಡ್ತವೆ, ಮೀಥೇನ್ ಕಡಿಮೆಯಾಗುತ್ತೆ. ಸೋರಿ ಹೋಗ್ತಿದ್ದ ಶಕ್ತಿಯಲ್ಲಿ ಒಂದಿಷ್ಟು ದನಕ್ಕೇ ಉಳಿಯುತ್ತೆ. 1984ರಲ್ಲಿ ನೂರಾರು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ, ಮೊನೆನ್ಸಿನ್ ತಿಂದ ದನ ಶೇಕಡಾ 6.4ರಷ್ಟು ಕಡಿಮೆ ತಿಂದು ಶೇಕಡಾ 1.6ರಷ್ಟು ವೇಗವಾಗಿ ಬೆಳೆದಿತ್ತು. ಅಷ್ಟೇ ತೂಕಕ್ಕೆ ಶೇಕಡಾ 7.5ರಷ್ಟು ಮೇವು ಉಳಿತಾಯ. ಹೊಟ್ಟೆಯ ಆಮ್ಲ ಏರೋದು, ಹೊಟ್ಟೆಯುಬ್ಬರ ಎರಡೂ ಕಡಿಮೆಯಾದವು.

ಹಾಗಂತ ಇದು ಅಮೃತ ಅಲ್ಲ. ಕುದುರೆಗೆ ಮೊನೆನ್ಸಿನ್ ವಿಷ. ದನದ ಮೇವು ತಪ್ಪಿ ಕುದುರೆಯ ಬಾನಿಗೆ ಬಿದ್ದರೆ ಹೃದಯಕ್ಕೆ ಪೆಟ್ಟು ಬಿದ್ದು ಸಾಯಬಹುದು. ಮನುಷ್ಯರಿಗೂ ಇದನ್ನು ಔಷಧವಾಗಿ ಕೊಡೋದಿಲ್ಲ. ಆ ಒಂದು ಕಾರಣಕ್ಕೇ ಅಮೆರಿಕದ ನಿಯಮ ಇದನ್ನು ಬೇರೆ ಪಟ್ಟಿಯಲ್ಲಿಟ್ಟಿದೆ, ಇವತ್ತಿಗೂ ಅಲ್ಲಿ ಬಳಕೆಯಲ್ಲಿದೆ. ಯುರೋಪ್ ಇನ್ನೊಂದು ದಾರಿ ಹಿಡಿಯಿತು. 2006ರ ಜನವರಿ 1ರಿಂದ ಬೆಳವಣಿಗೆಗಾಗಿ ಮೇವಿನಲ್ಲಿ ಯಾವ ಆಂಟಿಬಯಾಟಿಕ್ಕೂ ಬೇಡ ಅಂತ ತೀರ್ಮಾನಿಸಿ, ದನದ ಮೊನೆನ್ಸಿನ್ನನ್ನೂ ಅದರಲ್ಲೇ ಸೇರಿಸಿತು.

ಮೊದಲ ಪುಡಿಯ ಸಾಲ

ಈಗ ಆರಿಯೋಮೈಸಿನ್‌ಗೆ ವಾಪಸ್ ಬರೋಣ. ಬ್ರಿಟನ್‌ನಲ್ಲಿ ಕರುಗಳಿಂದ ಹರಡಿದ, ಔಷಧಿಗೆ ಬಗ್ಗದ ಸಾಲ್ಮೊನೆಲ್ಲಾ ಕಂಡು ಆತಂಕವಾಗಿ ಸರ್ಕಾರ ಸ್ವಾನ್ ಸಮಿತಿ ಮಾಡಿತು. 1969ರ ವರದಿ ಹೇಳಿದ್ದು ಇಷ್ಟೇ: ಮನುಷ್ಯರಿಗೆ ಬೇಕಾದ ಆಂಟಿಬಯಾಟಿಕ್ಕನ್ನು ಬೆಳವಣಿಗೆಗೆ ಅಂತ ಮೇವಿಗೆ ಹಾಕಬೇಡಿ.

ಅಮೆರಿಕದಲ್ಲಿ ಸ್ಟುವರ್ಟ್ ಲೆವಿ ಅನ್ನೋ ವೈದ್ಯ ಬಾಸ್ಟನ್ ಹತ್ತಿರದ ಒಂದು ಮನೆಯ ತೋಟದಲ್ಲಿ ಪ್ರಯೋಗ ಮಾಡಿದರು. ಪಶು ಔಷಧ ತಯಾರಕರ ಸಂಘವೇ ಅದಕ್ಕೆ ದುಡ್ಡು ಕೊಟ್ಟಿತ್ತು. ಕೋಳಿಗಳ ಆಹಾರಕ್ಕೆ ಟೆಟ್ರಾಸೈಕ್ಲಿನ್ ಬಗೆಯ ಔಷಧ ಬೆರೆಸಿದರು. ಒಂದೇ ವಾರದಲ್ಲಿ ಕೋಳಿಗಳ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಔಷಧಿಗೆ ಬಗ್ಗದಂತಾದವು. ಐದಾರು ತಿಂಗಳಲ್ಲಿ ಅದು ಮನೆಯವರಿಗೂ ಬಂತು. ಅವರ ಮಲದ ಮಾದರಿಗಳಲ್ಲಿ ಶೇಕಡಾ 31ರಷ್ಟರಲ್ಲಿ ಬಹುತೇಕ ಬ್ಯಾಕ್ಟೀರಿಯಾ ಟೆಟ್ರಾಸೈಕ್ಲಿನ್‌ಗೆ ಜಗ್ಗದವು. ನೆರೆಮನೆಯವರ ಮಾದರಿಗಳಲ್ಲಿ ಅದು ಶೇಕಡಾ 7 ಮಾತ್ರ. ಇದು ಪ್ರಕಟವಾದದ್ದು 1976ರಲ್ಲಿ.

ಮರುವರ್ಷ, 1977ರಲ್ಲಿ, ಎಫ್‌ಡಿಎ ಮೇವಿನಿಂದ ಪೆನಿಸಿಲಿನ್, ಟೆಟ್ರಾಸೈಕ್ಲಿನ್ ತೆಗೆಯೋ ಪ್ರಸ್ತಾಪ ಮುಂದಿಟ್ಟಿತು. ಇನ್ನೂ ಅಧ್ಯಯನ ಆಗಲಿ ಅಂತ ಅಲ್ಲಿನ ಸಂಸತ್ತು ತಡೆಯಿತು. ಮನುಷ್ಯರಿಗೆ ಮುಖ್ಯವಾದ ಆಂಟಿಬಯಾಟಿಕ್‌ಗಳನ್ನು ಬೆಳವಣಿಗೆಗಾಗಿ ಬಳಸೋದು ಅಮೆರಿಕದಲ್ಲಿ ಕೊನೆಯಾದದ್ದು 2017ರ ಜನವರಿ 1ಕ್ಕೆ. 1977ರಿಂದ 2017. ಕಳೆದು ನೋಡಿ, ನಲವತ್ತು ವರ್ಷ. ಈಗಲೂ ಲಿವರಿನ ಕೀವು ತಡೆಯೋಕೆ ಟೈಲೋಸಿನ್ ಅನ್ನೋ ಆಂಟಿಬಯಾಟಿಕ್ ಕೊಡಬಹುದು, ಆದರೆ ಪಶುವೈದ್ಯರ ಆದೇಶ ಬೇಕು.

ಭಾರತವೂ ಈ ಕಥೆಯಿಂದ ಹೊರಗಿಲ್ಲ. ಕೊಲಿಸ್ಟಿನ್ ಅನ್ನೋದು ಐಸಿಯುನಲ್ಲಿ ಬೇರೇನೂ ನಡೆಯದಾಗ ಕೊಡೋ ಔಷಧ. ಅದನ್ನು ಸೋಲಿಸೋ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಜೀನ್ 2015ರಲ್ಲಿ ಚೀನಾದ ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಕಾಣಿಸಿತು. 2019ರ ಜುಲೈನಲ್ಲಿ ನಮ್ಮ ಕೇಂದ್ರ ಸರ್ಕಾರ ಕೋಳಿ, ಮೀನು, ಆಹಾರಕ್ಕಾಗಿ ಸಾಕುವ ಪ್ರಾಣಿ, ಮೇವಿನ ಪುಡಿ ಎಲ್ಲದರಲ್ಲೂ ಕೊಲಿಸ್ಟಿನ್ ನಿಷೇಧಿಸಿತು.

ಮಾವನ ಪ್ರಶ್ನೆ

ಅಜ್ಜಿನ ಆಸ್ಪತ್ರೆಯಿಂದ ಊರಿಗೆ, ನಮ್ಮ ಸೋದರಮಾವನ ಮನೆಗೆ ಬಿಟ್ಟು ಬರೋಕೆ ಹೋಗಿದ್ದೆ. ಮಾವ ಎರಡು ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕ್ತಾರೆ. ಸಂಜೆ ಬೂಸಾ ಕಲಸ್ತಾ ಪೊಟ್ಟಣದಿಂದ ಒಂದು ಪುಡಿ ಸುರಿದರು. ನಾನು ಓದಿದ್ದನ್ನೆಲ್ಲ ಹೇಳಿದ ಮೇಲೆ ಮಾವ ಕೈ ಹಾಗೇ ಹಿಡಿದು, "ಹಂಗಾದ್ರೆ ಇದೂ ಅಂಥದ್ದೇ ಏನೋ?" ಅಂದರು.

ಪೊಟ್ಟಣ ತಿರುಗಿಸಿ ಓದಿದೆ. ಖನಿಜ ಮಿಶ್ರಣ: ಕ್ಯಾಲ್ಸಿಯಂ, ರಂಜಕ, ಸತು, ತಾಮ್ರ. ಇದು ಬೇರೆ ಜಾತಿ. ಮೇವಿನಲ್ಲಿ ಏನು ಕಮ್ಮಿ ಇದೆಯೋ ಅದನ್ನು ತುಂಬೋದು. ಬೆಂಗಳೂರಿನ ಆಡುಗೋಡಿಯಲ್ಲಿರೋ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದರ ಮೇಲೆಯೇ ಕೆಲಸ ಮಾಡಿದೆ. ಯಾವ ಸೀಮೆಯ ಮೇವಿನಲ್ಲಿ ಯಾವ ಖನಿಜ ಕೊರತೆ ಅಂತ ನೋಡಿ ಆಯಾ ಪ್ರದೇಶಕ್ಕೆ ತಕ್ಕ ಮಿಶ್ರಣ ರೂಪಿಸೋದು. ಟ್ಯಾನಿನ್ ಇರೋ ಗಿಡಗಳಿಂದ ಮೀಥೇನ್ ತಗ್ಗಿಸೋ ‘ಹರಿತ್ ಧಾರಾ’ ಅನ್ನೋ ಮೇವಿನ ಪೂರಕವನ್ನೂ ಇದೇ ಸಂಸ್ಥೆ ತಯಾರಿಸಿದೆ. ಮೊನೆನ್ಸಿನ್ ತಡೆಯೋಕೆ ನೋಡಿದ ಅದೇ ಸೋರಿಕೆ, ಇಲ್ಲಿ ಗಿಡದ ದಾರಿಯಲ್ಲಿ.

ಅದಕ್ಕೇ ಮೇವಿಗೆ ಬೆರೆಸೋದೆಲ್ಲ ಕೆಟ್ಟದ್ದು ಅಂತ ನಾನು ಹೇಳಲ್ಲ. ಕಡಿಮೆ ಮೇವಿನಲ್ಲಿ ದನ ಚೆನ್ನಾಗಿದ್ದರೆ ರೈತನಿಗೂ ಒಳ್ಳೇದು, ನೆಲಕ್ಕೂ ಒಳ್ಳೇದು. ಮೂರು ಪುಡಿಗಳೂ ಹೇಳಿದ ಲಾಭ ಕೊಟ್ಟವು, ಅದರಲ್ಲಿ ಸುಳ್ಳಿರಲಿಲ್ಲ. ಲಾಭವನ್ನು ಮೊದಲ ವಾರದಿಂದಲೇ ತಕ್ಕಡಿಯಲ್ಲಿ ತೂಗಿದರು. ನಷ್ಟವನ್ನು ಮಾತ್ರ ಯಾರೂ ತೂಗಲಿಲ್ಲ, ಯಾಕಂದ್ರೆ ಅದು ಬಿದ್ದದ್ದು ಬೇರೆಯವರ ಮೇಲೆ. ತೂಗಿದ ಮೇಲೂ ನಿಲ್ಲಿಸೋಕೆ ದಶಕಗಳೇ ಬೇಕಾದವು.

ಹಾಗಾಗಿ ಹೊಸ ಪುಡಿ ಬಂದಾಗಲೆಲ್ಲ ನಾನು ಮೂರು ಪ್ರಶ್ನೆ ಇಟ್ಕೊಂಡಿದ್ದೀನಿ. ಇದು ದನದ ಕೊರತೆ ತುಂಬುತ್ತಾ, ಇಲ್ಲ ಇಕ್ಕಟ್ಟಿನ ಸಾಕಣೆಯ ತಪ್ಪು ಮುಚ್ಚುತ್ತಾ? ಇದೇ ವಸ್ತು ನಾಳೆ ನಮ್ಮ ಮನೆಯ ರೋಗಿಗೂ ಬೇಕಾಗುತ್ತಾ? ದನ ಬಿಟ್ಟು ಇನ್ನೆಲ್ಲಿಗೆ ಹೋಗುತ್ತೆ ಅಂತ ಯಾರಾದ್ರೂ ನೋಡಿದ್ದಾರಾ?

ಮಾವನಿಗೆ ಇಷ್ಟು ಹೇಳಿದೆ. ಅವರು ಪುಡಿ ಸುರಿದು ಬೂಸಾ ಕಲಸಿದರು. ಜಗಲಿ ಮೇಲೆ ಕೂತು ಎಲ್ಲ ಕೇಳಿಸ್ಕೊಂಡಿದ್ದ ಅಜ್ಜಿ, "ಪೊಟ್ಟಣದ ಮೇಲೆ ಬರ್ದಿರೋದನ್ನ ಇನ್ಮೇಲೆ ಓದಿಸ್ಕೊಂಡೇ ಹಾಕಪ್ಪ" ಅಂದರು. ಮಾವ ಹೂಂ ಅಂದರು.

ನಿಮ್ಮ ಮನೆ ಕೊಟ್ಟಿಗೆಯಲ್ಲೂ ಅಂಥ ಪೊಟ್ಟಣ ಇದ್ದರೆ ಒಂದ್ಸಲ ತಿರುಗಿಸಿ ಓದಿ.